ನಾಯಿಗೆ ಶೌಚದ ಪಾಠ

ನಾಯಿಯು ಸಹಸ್ರಾರು ವರ್ಷಗಳಿಂದ ಮನುಷ್ಯನೊಡನೆ ಬಾಳುತ್ತ ಬಂದಿರುವ ಪ್ರಾಣಿ. ಆದರೂ ಮನೆ ಯಾವುದು, ಬಯಲು ಯಾವುದು ಎಂಬ ಭೇದವು ಅದಕ್ಕೆ ಹುಟ್ಟಿನಿಂದ ಬಂದುದಲ್ಲ; ಕಲಿತು ಬರತಕ್ಕದ್ದು. ಬೆಳೆದ ನಾಯಿಯೊಂದನ್ನು ಕನಿಕರದಿಂದ ಮನೆಗೆ ತಂದವರು, ಅದು ನಡುಮನೆಯಲ್ಲಿ ಹೊಲಸು ಮಾಡಿತೆಂದು ಕೆಲವೇ ದಿನಗಳಲ್ಲಿ ಬೀದಿಗೆ ಬಿಟ್ಟುಬಿಡುವುದುಂಟು. ಹಾಗೆ ಬಿಟ್ಟ ನಾಯಿಗೆ ಹಳೆಯ ಠಾವೂ ಇಲ್ಲ, ಹೊಸ ಆಸರೆಯೂ ಇಲ್ಲ. ಅದರ ವರ್ತನೆಯ ಕಾರಣವನ್ನು ಅರಿತರೆ ಈ ಅನ್ಯಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಎರಡು ನಾಯಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು, ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟದಲ್ಲಿ ಬೆಳೆದದ್ದು. ಇನ್ನೊಂದು, ಕಲಬುರಗಿ ನಗರದಲ್ಲಿಯೇ ಯಾರದೋ ಮನೆಯ ಹಾಸುಗಲ್ಲಿನ ಅಂಗಳದಲ್ಲಿ ಹಗಲಿರುಳೂ ಕಟ್ಟಿಹಾಕಿದ್ದು. ಇವೆರಡನ್ನೂ ನಗರದ ಮನೆಗಳಿಗೆ ಸಾಕಲು ತಂದರೆನ್ನೋಣ. ಮರಿಯಾಗಿದ್ದಾಗ ಯಾವ ಬಗೆಯ ನೆಲದ ಮೇಲೆ ವಿಸರ್ಜಿಸಿ ರೂಢಿಯಾಯಿತೋ ಅದೇ ನೆಲವನ್ನು ನಾಯಿ ಮುಂದೆಯೂ ಅರಸುತ್ತದೆ. ತೋಟದ ನಾಯಿ ಮಣ್ಣನ್ನು ಹುಡುಕುತ್ತದೆ. ಸಕಾಲದಲ್ಲಿ ಮಣ್ಣಿನೆಡೆಗೆ ಕರೆದೊಯ್ದರೆ ಅರ್ಧ ಪಾಠ ಮುಗಿದಂತೆಯೇ. ಕಟ್ಟಿಹಾಕಿದ್ದ ನಾಯಿಗಾದರೋ ಕಲ್ಲೇ ಶೌಚದ ನೆಲ. ನಾವು ಕೆಟ್ಟ ಚಾಳಿ ಎಂದು ಕರೆಯುವುದು ವಾಸ್ತವವಾಗಿ ಅದು ಚೆನ್ನಾಗಿ ಕಲಿತ ಹಳೆಯ ಪಾಠ.

ಹಳೆಯ ಪಾಠವನ್ನು ಉಳಿಸುವುದರಲ್ಲಿ ವಾಸನೆಯ ಪಾತ್ರ ದೊಡ್ಡದು. ನಾಯಿಯ ಘ್ರಾಣಶಕ್ತಿ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಕಲಬುರಗಿಯ ಅನೇಕ ಮನೆಗಳ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಇದು ಸುಣ್ಣಕಲ್ಲು, ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೂತ್ರವು ಕಲ್ಲುಗಳ ಸಂದುಗಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಅದರ ಯೂರಿಯವನ್ನು ಒಡೆದು ಅಮೋನಿಯವನ್ನು ಹೊರಡಿಸುತ್ತವೆ. ಫಿನಾಯಿಲು ನಮ್ಮ ಮೂಗನ್ನು ಮರೆಸೀತೇ ಹೊರತು ನಾಯಿಯ ಮೂಗನ್ನಲ್ಲ. ಮೇಲಾಗಿ ಅದನ್ನು ನೆಕ್ಕಿದರೆ ನಾಯಿಗೆ ಅಪಾಯ. ವಿನೆಗರ್ ಅಥವಾ ನಿಂಬೆರಸ ಬಳಸಬೇಕೆಂಬ ಸಲಹೆಯೂ ಈ ನೆಲಕ್ಕೆ ಸಲ್ಲದು. ಆಮ್ಲವು ಸುಣ್ಣಕಲ್ಲಿನೊಡನೆ ವರ್ತಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬಂದು, ಕಲ್ಲಿನ ಮೈ ಸವೆದು ಒರಟಾಗುತ್ತದೆ. ಒರಟು ಮೈಯಲ್ಲಿ ಹೊಲಸು ಇನ್ನಷ್ಟು ನಿಲ್ಲುತ್ತದೆ. ಬಟ್ಟೆಯಿಂದ ಹೀರಿಸಿ, ನೀರಿನಿಂದ ತೊಳೆದು, ಮೂತ್ರದ ಅಂಶಗಳನ್ನು ಒಡೆಯುವ ಕಿಣ್ವಗಳುಳ್ಳ ದ್ರಾವಣವನ್ನು ಸಂದುಗಳಿಗೆ ಹಾಕಿ ಒಣಗಲು ಬಿಡುವುದೇ ಸರಿಯಾದ ಕ್ರಮ.

ಇನ್ನು ಹೊಸ ಪಾಠ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳಿನ ಚಲನೆ ಹೆಚ್ಚುತ್ತದೆ. ಆದುದರಿಂದ ಊಟವನ್ನು ನಿಯತಕಾಲದಲ್ಲಿ ಕೊಟ್ಟರೆ ಶೌಚವೂ ಬಹುಮಟ್ಟಿಗೆ ನಿಯತಕಾಲದಲ್ಲಾಗುತ್ತದೆ. ನಿದ್ದೆಯಿಂದೆದ್ದಾಗ, ಉಂಡ ಮೇಲೆ, ಆಡಿದ ಮೇಲೆ, ಮಲಗುವ ಮುನ್ನ ನಾಯಿಯನ್ನು ಒಂದೇ ಸ್ಥಳಕ್ಕೆ ಕರೆದೊಯ್ಯಬೇಕು. ಕಲ್ಲಿಗೆ ಒಗ್ಗಿದ ನಾಯಿಗಾಗಿ ಆ ಸ್ಥಳದಲ್ಲಿ ಒಂದು ಹಾಸುಗಲ್ಲನ್ನಿಟ್ಟು, ಮೂತ್ರ ಒರೆಸಿದ ಬಟ್ಟೆಯನ್ನು ಅದರ ಮೇಲೆ ಹಾಕಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ಹರಡುತ್ತ ಹೋಗಬಹುದು. ಕೆಲಸ ಮುಗಿದ ಕ್ಷಣದಲ್ಲಿಯೇ ಒಂದು ತುಣುಕು ರೊಟ್ಟಿ ಕೊಡಬೇಕು. ಸುಖವನ್ನು ತಂದ ಕ್ರಿಯೆ ಮರುಕಳಿಸುತ್ತದೆಂಬುದನ್ನು ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಾಣಿಪ್ರಯೋಗಗಳಲ್ಲಿ ತೋರಿಸಿದನು. ಮನೆಯೊಳಕ್ಕೆ ಬಂದಮೇಲೆ ಕೊಟ್ಟ ರೊಟ್ಟಿ, ಒಳಗೆ ಬಂದುದಕ್ಕೆ ಸಂದ ಬಹುಮಾನವಾದೀತು.

ಶಿಕ್ಷೆಯ ದೋಷವೂ ಇಲ್ಲಿಯೇ ಇದೆ. ಆಹಾರದೊಡನೆ ಮತ್ತೆ ಮತ್ತೆ ಜೊತೆಗೂಡಿದ ಶಬ್ದಕ್ಕೇ ನಾಯಿ ಜೊಲ್ಲು ಸುರಿಸುವುದನ್ನು ರಷ್ಯದ ಪಾವ್ಲೊವ್ ಕಂಡನು. ಪೆಟ್ಟಿನೊಡನೆ ಜೊತೆಗೂಡುವುದಾದರೂ ಏನು? ಗಂಟೆಗಳ ಹಿಂದಿನ ಮೂತ್ರವಲ್ಲ, ಕಣ್ಣೆದುರಿಗಿರುವ ಒಡೆಯ. ಹೊಡೆತ ತಿಂದ ನಾಯಿ ಒಡೆಯನ ಎದುರು ವಿಸರ್ಜಿಸಲು ಅಂಜಿ, ಮಂಚದ ಕೆಳಗೆ ಮರೆ ಹುಡುಕುತ್ತದೆ. ಆಗ ಹೊರಗೆ ಕರೆದೊಯ್ದರೂ ಫಲವಿಲ್ಲ.

ಎಲ್ಲ ಮೂತ್ರವೂ ಅಭ್ಯಾಸದೋಷವಲ್ಲ. ಗಂಡುನಾಯಿ ಕಾಲೆತ್ತಿ ಗೋಡೆಗೆ ಸ್ವಲ್ಪ ಸ್ವಲ್ಪ ಸಿಡಿಸುವುದು ಗುರುತು ಹಾಕುವ ಕ್ರಮ. ಸಂತಾನಹರಣ ಶಸ್ತ್ರಕ್ರಿಯೆಯಿಂದ ಅದು ಅನೇಕ ವೇಳೆ ಕಡಿಮೆಯಾಗುತ್ತದೆ. ಮೈ ಕುಗ್ಗಿಸಿ ಮೂತ್ರ ಬಿಡುವುದು ಭಯದ ಲಕ್ಷಣ. ಪದೇ ಪದೇ ತೊಟ್ಟಿಕ್ಕಿದರೆ ಮೂತ್ರನಾಳದ ಸೋಂಕಿರಬಹುದು. ಪಶುವೈದ್ಯರಿಗೆ ತೋರಿಸಿ, ರೇಬೀಸ್ ಲಸಿಕೆಯನ್ನೂ ಹಾಕಿಸಬೇಕು. ಮೂತ್ರ ಕಡಿಮೆಯಾಗಲೆಂದು ನೀರನ್ನು ತಡೆಯುವುದಂತೂ ಕ್ರೌರ್ಯ. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ನಾಯಿಯು ಮುಖ್ಯವಾಗಿ ಏದುಸಿರಿನ ಮೂಲಕ ನೀರನ್ನು ಆವಿಯಾಗಿಸಿ ಮೈಯನ್ನು ತಂಪಾಗಿಸಿಕೊಳ್ಳುತ್ತದೆ.

ವಿದ್ಯಾರ್ಥಿಗಳು ಇದನ್ನೊಂದು ಸಣ್ಣ ಪ್ರಯೋಗವಾಗಿ ನಡೆಸಬಹುದು. ಹತ್ತು ದಿನಗಳ ಕಾಲ ಊಟ, ನೀರು, ನಿದ್ದೆ, ಶೌಚಗಳ ವೇಳೆಯನ್ನೂ ಸ್ಥಳವನ್ನೂ ಬರೆದಿಡಿರಿ. ಊಟಕ್ಕೂ ಶೌಚಕ್ಕೂ ನಡುವಣ ಅಂತರವು ಆ ಪಟ್ಟಿಯಿಂದ ತಾನಾಗಿಯೇ ಗೋಚರಿಸುತ್ತದೆ. ಅನಂತರ ನಾಯಿಯನ್ನು ಬಯ್ಯುವುದಕ್ಕೆ ಬದಲು, ಆ ವೇಳೆಗೆ ಐದು ನಿಮಿಷ ಮುಂಚಿತವಾಗಿ ಬಾಗಿಲನ್ನು ತೆರೆದರೆ ಸಾಕು.