ಬೇಟೆ ಕೋವಿಯ ಮರದ ಹಿಡಿ: ಮರುಪಾಲಿಶ್ ಮತ್ತು ಅಳತೆಯ ಕೆಲಸ

ಕೊಡಗಿನ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಜೋಡಿ ನಳಿಗೆಯ ಕೋವಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದರ 1991ರ ತಿದ್ದುಪಡಿಯ ಬಳಿಕ ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಕೋವಿ ಮಾತ್ರ ಉಳಿದಿದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ತೋಕ್‌ಪೂ ಮುಡಿಸಿ ಪೂಜಿಸಲಾಗುತ್ತದೆ. ಉಕ್ಕಿನ ನಳಿಗೆಯು ಕಾಲಕಾಲಕ್ಕೆ ಎಣ್ಣೆ ಸವರಿದರೆ ಬಾಳುತ್ತದೆ. ಮರದ ಹಿಡಿಯಾದರೋ ಬೆವರು, ಮಳೆಗಾಲದ ತೇವ ಹಾಗೂ ಅದೇ ಎಣ್ಣೆಯಿಂದಲೇ ಕೆಡುತ್ತದೆ. ಇದರ ದುರಸ್ತಿಗೆ ಗಿರಾಕಿಗಳು ಪೀಠೋಪಕರಣ ಪಾಲಿಶ್ ಮಾಡುವ ಸಣ್ಣ ಘಟಕಗಳತ್ತ ನೋಡುವುದು ಸಹಜ. ಮೇಜು ಕುರ್ಚಿಯ ಪಾಲಿಶ್ ಬಲ್ಲವರಿಗೆ ಈ ಕೆಲಸ ಅರ್ಧದಷ್ಟು ಪರಿಚಿತವೇ. ನಷ್ಟ ಸಂಭವಿಸುವುದು ಉಳಿದರ್ಧದಲ್ಲಿ.

ಮೊದಲ ಎಡವು ಕಾನೂನಿನದು. 1959ರ ಆಯುಧ ಕಾಯಿದೆಯ 5ನೆಯ ಪ್ರಕರಣದಂತೆ ಬಂದೂಕಿನ ತಯಾರಿಕೆ, ಮಾರಾಟದಂತೆಯೇ ದುರಸ್ತಿಗೂ ಪರವಾನಗಿ ಅಗತ್ಯ. ಬಂದೂಕು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ಸೇರಿವೆ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ದುರಸ್ತಿಯ ವ್ಯಾಪಾರಕ್ಕಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ಇಂತಹ ವ್ಯವಹಾರಕ್ಕೆ ಕನಿಷ್ಠ ಶಿಕ್ಷೆ 7 ವರ್ಷ. ಆದುದರಿಂದ ಪಾಲಿಶ್ ಕುಶಲಕರ್ಮಿಯು ಪರವಾನಗಿ ಪಡೆದ ಕೋವಿ ದುರಸ್ತಿಗಾರನ ಆವರಣದಲ್ಲಿ, ಆತನ ಹೊಣೆಯಲ್ಲಿ ಕೆಲಸ ಮಾಡುವುದೇ ನಿಶ್ಚಿಂತೆಯ ಮಾರ್ಗ. ಮರವನ್ನು ಲೋಹದಿಂದ ಬಿಡಿಸುವ ಕೆಲಸವನ್ನೂ ಆತನಿಗೇ ಬಿಡತಕ್ಕದ್ದು. ತಿರುಪಿನ ಸೀಳಿಗೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿ ಕೆಡಿಸಿದ ಕೆತ್ತನೆಯ ತಿರುಪನ್ನು ಯಾವ ಪಾಲಿಶ್ ಸಹ ಮರೆಮಾಚದು.

ಒಳ್ಳೆಯ ಕೋವಿಗಳ ಹಿಡಿ ಸಾಮಾನ್ಯವಾಗಿ ಅಕ್ರೋಟು ಮರದ್ದು. ಬೀಟೆ, ತೇಗಗಳಿಗೆ ಒಗ್ಗಿದ ಕೈ ಇಲ್ಲಿ ತುಸು ಹಗುರವಾಗಬೇಕು. ಹಳೆಯ ಲೇಪ ಯಾವುದೆಂದು ತಿಳಿಯಲು ಮರೆಯ ಜಾಗವೊಂದರಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಬೇಕು. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಇರಬಹುದು. ಅದಕ್ಕೆ ಪೇಂಟ್ ರಿಮೂವರ್ ಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಮರವು ಲೋಹದೊಳಗೆ ಕೂಡುವ ತುದಿ. ಕೋವಿಯನ್ನು ನಳಿಗೆ ಮೇಲಾಗಿ ನಿಲ್ಲಿಸಿಡುವ ಅಭ್ಯಾಸದಿಂದ ವರ್ಷಗಟ್ಟಲೆ ಎಣ್ಣೆ ಕೆಳಗಿಳಿದು ಈ ತುದಿ ಕಪ್ಪಾಗಿ ಮೆದುವಾಗಿರುತ್ತದೆ. ಪ್ರತಿ ಗುಂಡಿನ ಒದೆತ ಬೀಳುವುದೂ ಇಲ್ಲಿಯೇ. ಬಿರುಕು ಕಂಡೊಡನೆ ಅಂಟು ತುಂಬುವುದು ವ್ಯರ್ಥ. ಎಣ್ಣೆ ಕುಡಿದ ಮರದಲ್ಲಿ ಎಪಾಕ್ಸಿ ನಿಲ್ಲದು. ನುಣುಪಾದ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಹಚ್ಚಬೇಕು. ದ್ರವ ಆರುತ್ತಿದ್ದಂತೆ ಎಣ್ಣೆ ಮೇಲೆದ್ದು ಪುಡಿಯ ಬಣ್ಣ ಕಂದಾಗುತ್ತದೆ. ಅದನ್ನು ಉದುರಿಸಿ ಮತ್ತೆ ಹಚ್ಚಬೇಕು. ಪುಡಿ ಬೆಳ್ಳಗೇ ಉಳಿಯುವವರೆಗೆ ನಾಲ್ಕಾರು ಬಾರಿಯಾದರೂ ಸರಿ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರವಿರುವ ಗಾಳಿಯಾಡುವ ಜಾಗ ಅವಶ್ಯ. ಕೈಹಿಡಿತದ ಸಪೂರ ಭಾಗದಲ್ಲಿ ಬಿರುಕು ಅಡ್ಡಲಾಗಿ ಹಾದುಹೋಗಿದ್ದರೆ ಪಾಲಿಶ್‌ನ ಮಾತೇ ಬೇಡ. ಆ ಕೋವಿಗೆ ಹೊಸ ಹಿಡಿಯೇ ಬೇಕು. ಹಾಗೆಂದು ಹೇಳಿ ಗಿರಾಕಿಯನ್ನು ಹಿಂದೆ ಕಳುಹಿಸಿದರೆ ಹೋಗುವುದು ಒಂದು ದಿನದ ಕೂಲಿ. ಮುಚ್ಚಿಟ್ಟು ಹೊಳಪು ಕೊಟ್ಟರೆ ಗುಂಡು ಹಾರಿಸುವವನ ಮುಖದೆದುರೇ ಹಿಡಿ ಮುರಿಯಬಹುದು.

ತಗ್ಗುಗಳನ್ನು ಉಜ್ಜಿ ತೆಗೆಯುವುದು ಪೀಠೋಪಕರಣದವರ ಸಾಮಾನ್ಯ ತಪ್ಪು. ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಜಜ್ಜಿದ ಎಳೆಗಳು ತಾವೇ ಮೇಲೇಳುತ್ತವೆ. ಎಳೆ ಕತ್ತರಿಸಿದ ಗೀರುಗಳಿಗೆ ಮಾತ್ರ ಈ ಉಪಾಯ ನಡೆಯದು. ಮರಳುಕಾಗದವನ್ನು ಮರದ ತುಂಡಿಗೆ ಸುತ್ತಿ 180, 220, 320 ಎಂದು ಏರುತ್ತಾ ಹೋಗಬೇಕು. ಹಿಂಬದಿಯ ಫಲಕವನ್ನು ಉಜ್ಜುವಾಗ ಬಿಚ್ಚಬಾರದು. ಬಿಚ್ಚಿದರೆ ಅಂಚು ದುಂಡಗಾಗುತ್ತದೆ. ಲೋಹದ ಬದಿಯಲ್ಲಿ ಮರ ಕೂದಲೆಳೆಯಷ್ಟು ಎತ್ತರವಿರಬೇಕು, ಎಂದೂ ತಗ್ಗಬಾರದು. ಚೌಕುಳಿ ಗೀರುಗಳಿರುವ ಕಡೆ ಟೇಪ್ ಅಂಟಿಸಿಡಬೇಕು. ಅಲ್ಲಿಗೆ ಹಲ್ಲುಜ್ಜುವ ಬ್ರಶ್ ಮತ್ತು ರಿಮೂವರ್ ಸಾಕು, ಮರಳುಕಾಗದ ತಗುಲಕೂಡದು.

ಅಗಸೆ ಎಣ್ಣೆಯ ಲೇಪವೇ ಈ ಮರಕ್ಕೆ ಒಪ್ಪುವಂಥದು. ಹಸಿ ಎಣ್ಣೆ ಒಣಗಲು ತೀರಾ ತಡವಾಗುವುದರಿಂದ ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಮೇಲು. ಕೆಲವೇ ಹನಿಗಳನ್ನು ಅಂಗೈಯಿಂದ ಉಜ್ಜಿ, ಹೆಚ್ಚಾದುದನ್ನು ಪೂರ್ತಿ ಒರೆಸಿ, ಒಣಗಿದ ಮೇಲಷ್ಟೇ ಮುಂದಿನ ಲೇಪ ಕೊಡಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗುವ ಲೇಪಕ್ಕೆ ಕೊಡಗಿನ ಮಳೆಯಲ್ಲಿ ಹಲವು ದಿನ ಹಿಡಿಯಬಹುದು. ಹಬ್ಬಕ್ಕೆ ಸಿದ್ಧವಾಗಬೇಕಾದ ಕೆಲಸವನ್ನು ಆಗಸ್ಟ್‌ನಲ್ಲಿ ಒಪ್ಪಿಕೊಂಡರೆ ಅಂಟು ಬಿಡದ ಹಿಡಿಯನ್ನೇ ಕೊಡಬೇಕಾದೀತು. ಏಪ್ರಿಲ್‌ನಲ್ಲೇ ಕೇಳಿ ತರಿಸಿಕೊಳ್ಳುವುದು ಲೇಸು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಿಂದ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರಡಿ ಒಣಗಿಸುವುದು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕುವುದು ಕಡ್ಡಾಯ.

ಹೊಳಪಿಗಿಂತ ಹೆಚ್ಚು ಸಂಭಾವನೆ ತರುವುದು ಅಳತೆಯ ಕೆಲಸ. ಟ್ರಿಗರ್‌ನಿಂದ ಹಿಂಬದಿಯ ಮಧ್ಯದವರೆಗಿನ ಉದ್ದ ಸಾಧಾರಣ ಮೈಕಟ್ಟಿನವರಿಗೆ 14¼ ರಿಂದ 14½ ಇಂಚು. ತೋಳು ಗಿಡ್ಡವಿರುವವರಿಗೆ ಹಿಡಿ ಉದ್ದವಾದರೆ ಅದು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಗಿರಾಕಿಯು ತಾನು ನಿತ್ಯ ತೊಡುವ ಬಟ್ಟೆಯಲ್ಲೇ ಕೋವಿಯನ್ನು ಹೆಗಲಿಗೇರಿಸಿ ತೋರಿಸಿದ ಮೇಲೆ ಅಳೆಯಬೇಕು. ರಬ್ಬರ್ ಪ್ಯಾಡ್ ಕೂರಿಸುವುದಿದ್ದರೆ ಅದರ ದಪ್ಪವನ್ನು ಕಳೆದೇ ಗುರುತು ಹಾಕಬೇಕು. ಕುಯ್ದ ತುಂಡನ್ನು ಎಸೆಯದೆ, ಹಳೆಯ ಫಲಕದ ಸಮೇತ ಕೋವಿಯೊಡನೆ ಹಿಂದಿರುಗಿಸುವುದು ರೂಢಿಯಾಗಬೇಕು. ಮುಂದೆ ಆ ಮನೆಯ ಎತ್ತರದ ಮಗನೊಬ್ಬನ ಹೆಗಲಿಗೆ ಅದೇ ಎಳೆಯ, ಅದೇ ಬಣ್ಣದ ಮರ ಬೇಕಾಗಬಹುದು.