ಮೂರ್ತಿ ಚಿಕ್ಕದಾದ ಮಕ್ಕಳು



ವರ್ಷಾರಂಭದಲ್ಲಿ ಮಕ್ಕಳನ್ನು ಎತ್ತರದ ಕ್ರಮದಿಂದ ಸಾಲಾಗಿ ನಿಲ್ಲಿಸುವುದು ಶಾಲೆಗಳಲ್ಲಿ ವಾಡಿಕೆ. ಸಾಲಿನ ಮೊದಲಿಗೆ ನಿಲ್ಲುವ ಬಾಲಿಕೆಯ ಮುಖವನ್ನು ನೋಡುವವರು ಕಡಮೆ. ಎಲ್ಲರ ದೃಷ್ಟಿಯೂ ಅವಳ ತಲೆಯ ಮೇಲಿನಿಂದಲೇ ಹಾದುಹೋಗುತ್ತದೆ. ನಾವು ವಿದ್ಯಾರ್ಥಿನಿಯಾಗಿದ್ದಾಗ ಹತ್ತು ವರ್ಷಕಾಲ ಆ ಸ್ಥಳದಲ್ಲಿಯೇ ನಿಂತವರು. ಉಪಾಧ್ಯಾಯಿನಿಯಾದ ಮೇಲೆಯೂ ಕರಿಹಲಗೆಯ ಮೇಲ್ಭಾಗದಲ್ಲಿ ಬರೆಯಲು ನಮಗೆ ಒಂದು ಮಣೆ ಬೇಕಾಗುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆದಕಾರಣ ಚಿಕ್ಕ ಮೈಕಟ್ಟಿನ ಮಕ್ಕಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ನಮಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇವೆ.

೧. ಬೆಳವಣಿಗೆಯ ಕ್ರಮ

ಹುಟ್ಟಿದ ಶಿಶುವಿನ ಉದ್ದ ಸುಮಾರು 50 ಸೆಂಟಿಮೀಟರು. ಮೊದಲನೆಯ ವರ್ಷದಲ್ಲಿ ಅದು ಸುಮಾರು 25 ಸೆಂಟಿಮೀಟರು ಬೆಳೆಯುತ್ತದೆ. ನಾಲ್ಕು ವರ್ಷ ತುಂಬಿದ ಬಳಿಕ ಯೌವನಾರಂಭದವರೆಗೆ ವರ್ಷಕ್ಕೆ 5ರಿಂದ 6 ಸೆಂಟಿಮೀಟರಿನಂತೆ ಬೆಳವಣಿಗೆ ಸಾಗುತ್ತದೆ. ಅನಂತರ ಕೆಲವು ಕಾಲ ಅದು ವೇಗಗೊಳ್ಳುತ್ತದೆ. ಈ ವೇಗವು ಹೆಣ್ಣುಮಕ್ಕಳಿಗೆ ಸಾಧಾರಣವಾಗಿ 10–11ರ ಪ್ರಾಯದಲ್ಲಿಯೂ ಗಂಡುಮಕ್ಕಳಿಗೆ ಸುಮಾರು ಎರಡು ವರ್ಷ ತಡವಾಗಿಯೂ ಬರುತ್ತದೆ. ಹುಡುಗಿಯು ಋತುಮತಿಯಾದ ಮೇಲೆ ಸರಾಸರಿಯಲ್ಲಿ ಇನ್ನು 5ರಿಂದ 7 ಸೆಂಟಿಮೀಟರು ಮಾತ್ರ ಬೆಳೆಯುತ್ತಾಳೆ.

ಆದರೆ ಈ ಕಾಲವು ಎಲ್ಲರಿಗೂ ಒಂದೇ ಸಮನಾಗಿ ಬರುವುದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಹನ್ನೆರಡು ವರ್ಷದ ಇಬ್ಬರಲ್ಲಿ ಒಬ್ಬಳು ಬೆಳೆದು ಮುಗಿಯುತ್ತ ಬಂದಿರಬಹುದು, ಇನ್ನೊಬ್ಬಳು ಈಗ ಆರಂಭಿಸುತ್ತಿರಬಹುದು. ತಡವಾಗಿ ಬೆಳೆಯುವ ಮಕ್ಕಳು ಅನೇಕ ವೇಳೆ ಮುಂದೆ ತಮ್ಮ ಮನೆತನಕ್ಕೆ ಸಹಜವಾದ ಎತ್ತರವನ್ನೇ ಮುಟ್ಟುತ್ತಾರೆ.

೨. ಕಾರಣಗಳು

ತಾಯಿತಂದೆಗಳು ಕುಳ್ಳಗಿದ್ದರೆ ಮಕ್ಕಳೂ ಹಾಗಿರುವುದು ಸಹಜ. ಇದಕ್ಕೆ ವೈದ್ಯರು ಒಂದು ಲೆಕ್ಕವನ್ನು ಹೇಳುತ್ತಾರೆ. ಮಗಳ ವಿಷಯದಲ್ಲಾದರೆ, ತಂದೆಯ ಎತ್ತರದಿಂದ 13 ಸೆಂಟಿಮೀಟರು ಕಳೆದು, ತಾಯಿಯ ಎತ್ತರವನ್ನು ಕೂಡಿಸಿ, ಅರ್ಧ ಮಾಡತಕ್ಕದ್ದು. ತಂದೆ 165, ತಾಯಿ 150 ಆದರೆ ಮಗಳು 151ರ ಸುಮಾರು; ಏಳೆಂಟು ಸೆಂಟಿಮೀಟರು ಹೆಚ್ಚುಕಡಮೆಯಾಗಬಹುದು.

ಹೊಟ್ಟೆಗೆ ಸಾಲದಿರುವುದು, ಬಹುಕಾಲದ ಕಾಯಿಲೆ, ಥೈರಾಯ್ಡ್ ಗ್ರಂಥಿಯ ರಸದ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ ಇವೂ ಕಾರಣಗಳಾಗುವುದುಂಟು. ಹೆಣ್ಣುಮಕ್ಕಳಲ್ಲಿ ಸುಮಾರು 2,500ಕ್ಕೆ ಒಬ್ಬಳಿಗೆ ಒಂದು ಎಕ್ಸ್ ವರ್ಣತಂತು ಇಲ್ಲದಿರುವುದರಿಂದ ಅಥವಾ ಅದು ಅಪೂರ್ಣವಾಗಿರುವುದರಿಂದ ಟರ್ನರ್ ಎಂಬ ಸ್ಥಿತಿಯುಂಟಾಗಿ ಎತ್ತರ ಕುಂಠಿತವಾಗುತ್ತದೆ. ಇಂಥವುಗಳಿಗೆ ಚಿಕಿತ್ಸೆಯುಂಟು. ಆದರೆ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯು ಗಟ್ಟಿಯಾಗಿ ಕೂಡಿಕೊಂಡ ಮೇಲೆ ಯಾವ ಔಷಧವೂ ಎತ್ತರವನ್ನು ಕೊಡಲಾರದು. ಎತ್ತರ ಬೆಳೆಸುವೆವೆಂದು ಹೇಳಿ ಮಾರುವ ಪುಡಿಗಳಿಗೆ ಹಣ ಸುರಿಯುವುದು ವ್ಯರ್ಥ. ಕಂಬಿಗೆ ಜೋತಾಡುವುದರಿಂದ ಎಲುಬು ಉದ್ದವಾಗುವುದಿಲ್ಲ.

೩. ನಮ್ಮ ತಪ್ಪು

ಇಷ್ಟೆಲ್ಲ ತಿಳಿದವರಾಗಿಯೂ ನಾವು ಒಮ್ಮೆ ತಪ್ಪಿ ನಡೆದೆವು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಬಹು ಚಿಕ್ಕ ಬಾಲಿಕೆಯೊಬ್ಬಳಿದ್ದಳು. ವಾರ್ಷಿಕೋತ್ಸವದ ನಾಟಕದಲ್ಲಿ ಪ್ರತಿ ಸಲವೂ ಅವಳಿಗೆ ಶಿಶುವಿನ ಪಾತ್ರ. ದೊಡ್ಡ ಹುಡುಗಿಯರು ಅವಳನ್ನು ಎತ್ತಿ ಆಡಿಸುವರು. ನಾವು ನೋಡಿ ನಗುವೆವು. ಒಂದು ದಿನ ತರಗತಿಯ ನಾಯಕಿಯ ಸ್ಥಾನಕ್ಕೆ ಗೆಳತಿಯರು ಅವಳ ಹೆಸರನ್ನು ಸೂಚಿಸಿದಾಗ, "ಇವಳ ದನಿ ಯಾರಿಗೆ ಕೇಳಿಸೀತು?" ಎಂದುಬಿಟ್ಟೆವು.

ಸಾಯಂಕಾಲ ಅವಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಟೀಚರ್, ನನಗೆ ಹದಿಮೂರು ತುಂಬಿತು. ಇಲ್ಲಿ ಎಲ್ಲರೂ ನನ್ನನ್ನು ಎಂಟು ವರ್ಷದವಳಂತೆ ಕಾಣುತ್ತೀರಿ," ಎಂದಳು. ಸಾಲಿನ ಮೊದಲಿಗೆ ನಿಂತು ಬೆಳೆದ ನಾವೇ ಆ ನೋವನ್ನು ಮರೆತಿದ್ದೆವು! ನಾಚಿಕೆಯಿಂದ ನಮಗೆ ಕೂಡಲೆ ಉತ್ತರ ಹೊರಡಲಿಲ್ಲ.

ಆ ರಾತ್ರಿ ಅವಳ ಆರೋಗ್ಯದ ಚೀಟಿಯನ್ನು ತೆಗೆದು ನೋಡಿದೆವು. ಪ್ರತಿವರ್ಷ ಎತ್ತರವನ್ನು ಅಳೆದು ಬರೆದಿತ್ತು. ಆದರೆ ಒಂದು ವರ್ಷದ ಅಂಕೆಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ಯಾರೂ ನೋಡಿರಲಿಲ್ಲ. ಎರಡು ವರ್ಷಗಳಲ್ಲಿ ಕೂಡಿ ಅವಳು ಬೆಳೆದದ್ದು 5 ಸೆಂಟಿಮೀಟರು. "ನಮ್ಮ ಮನೆಯಲ್ಲಿ ಎಲ್ಲರೂ ಕುಳ್ಳರೇ," ಎಂದು ಹೇಳುತ್ತಿದ್ದ ತಾಯಿಯನ್ನು ಒಪ್ಪಿಸಿ ವೈದ್ಯರಲ್ಲಿಗೆ ಕಳುಹಿಸಿದೆವು. ಥೈರಾಯ್ಡಿನ ಕೊರತೆಯೆಂದು ತಿಳಿದುಬಂತು. ದಿನಕ್ಕೊಂದು ಮಾತ್ರೆಯಿಂದ ಅವಳ ಆಯಾಸ ಕಳೆಯಿತು, ಬೆಳವಣಿಗೆಯೂ ಮತ್ತೆ ಸಾಗಿತು. ಎರಡು ವರ್ಷ ಮುಂಚೆಯೇ ನೋಡಿದ್ದರೆ ಇನ್ನೂ ಸ್ವಲ್ಪ ಎತ್ತರವಾಗುತ್ತಿದ್ದಳೋ ಏನೋ.

ಅವಳು ನಾಯಕಿಯೂ ಆದಳು. ಶಾಲೆ ಬಿಡುವಾಗಲೂ ಸಾಲಿನ ಮೊದಲಿಗೇ ನಿಲ್ಲುತ್ತಿದ್ದಳು. ಆದರೆ ಅವಳ ದನಿ ಕಡೆಯ ಸಾಲಿನವರೆಗೂ ಕೇಳಿಸುತ್ತಿತ್ತು.

೪. ಚಿಕ್ಕವರ ಬಲ

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಕುಳ್ಳಗಿನ ಆಳು. 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ಎದುರು ಆಡಿದ ತಮ್ಮ ಮೊದಲ ಟೆಸ್ಟ್ ಪಂದ್ಯದಲ್ಲಿ ಅವರು ಮೊದಲು ಸೊನ್ನೆಗೆ ಔಟಾದರು; ಎರಡನೆಯ ಸರದಿಯಲ್ಲಿ 137 ಓಟಗಳನ್ನು ಹೊಡೆದರು. ಮಣಿಪುರದ ಮೀರಾಬಾಯಿ ಚಾನು ಎಂಬಾಕೆಯ ಎತ್ತರ ಸುಮಾರು 150 ಸೆಂಟಿಮೀಟರು. 2021ರಲ್ಲಿ ಟೋಕಿಯೋ ಒಲಿಂಪಿಕ್ ಕ್ರೀಡೆಗಳ 49 ಕಿಲೋಗ್ರಾಂ ವರ್ಗದಲ್ಲಿ ಆಕೆ ಒಟ್ಟು 202 ಕಿಲೋಗ್ರಾಂ ಭಾರವನ್ನೆತ್ತಿ ಬೆಳ್ಳಿಯ ಪದಕವನ್ನು ಪಡೆದಳು. ಕುಳ್ಳಗಿದ್ದವರು ಭಾರವನ್ನು ಎತ್ತಬೇಕಾದ ದೂರವು ಕಡಮೆ. ಅಲ್ಲಿ ಗಿಡ್ಡತನವೇ ಅನುಕೂಲ.

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂಬ ಗಾದೆಯು ಒಳ್ಳೆಯದೇ. ಆದರೆ ಎಲ್ಲ ಮಕ್ಕಳಿಗೂ ಕೀರ್ತಿ ಬಾರದು, ಬರಬೇಕಾಗಿಯೂ ಇಲ್ಲ. ಚಿಕ್ಕ ಬಾಲಿಕೆಯು ಕೋರುವುದು ಕೀರ್ತಿಯನ್ನಲ್ಲ. ತನ್ನ ವಯಸ್ಸಿಗೆ ತಕ್ಕ ಮರ್ಯಾದೆಯನ್ನು.

೫. ಮಾಡತಕ್ಕದ್ದೇನು?

ಪ್ರತಿ ಹುಟ್ಟುಹಬ್ಬದ ದಿನ ಮಗುವನ್ನು ಗೋಡೆಗೆ ನಿಲ್ಲಿಸಿ ಗುರುತು ಹಾಕಿರಿ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿರಿ, ಹೋದ ವರ್ಷದ ಗುರುತಿನೊಡನೆ ಹೋಲಿಸಿರಿ. ಯೌವನಾರಂಭಕ್ಕೆ ಮುಂಚೆ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಮೆ ಬೆಳೆದರೆ ವೈದ್ಯರಿಗೆ ತೋರಿಸಿರಿ. ಬೇಳೆ, ಹಾಲು, ಮೊಟ್ಟೆ, ಸೊಪ್ಪು ಇವುಗಳಲ್ಲಿ ಮಗನಿಗೊಂದು ಪಾಲು, ಮಗಳಿಗೊಂದು ಪಾಲು ಎಂಬ ಭೇದ ಬೇಡ. "ಕುಳ್ಳಿ," "ಮೋಟಿ" ಎಂಬ ಅಡ್ಡಹೆಸರುಗಳನ್ನು ಪ್ರೀತಿಯಿಂದಲೂ ಕರೆಯಬೇಡಿರಿ. ಹನ್ನೆರಡು ವರ್ಷದವಳಿಗೆ ಹನ್ನೆರಡು ವರ್ಷದವಳ ಕೆಲಸವನ್ನೂ ಹೊಣೆಯನ್ನೂ ಒಪ್ಪಿಸಿರಿ. ಕೈಗೆಟುಕದಿದ್ದರೆ ಮಣೆಯೊಂದನ್ನು ಕೊಡಿರಿ, ಕೆಲಸವನ್ನು ಕಿತ್ತುಕೊಳ್ಳಬೇಡಿರಿ.

ನಮ್ಮ ಆ ಹಳೆಯ ಮಣೆಯು ಈಗಲೂ ಶಾಲೆಯಲ್ಲಿದೆ. ಅದರ ಮೇಲೆ ಹತ್ತಿ ಬರೆಯುವ ಮಕ್ಕಳನ್ನು ನೋಡಿ ಈಗ ಯಾರೂ ನಗುವುದಿಲ್ಲ.