ಸ್ಥಾನವೂ ಹೆಸರೂ

‘ರಾಜನು ಕವಿಗೆ ಹಾರವನ್ನು ಕೊಟ್ಟನು’ ಎಂಬ ವಾಕ್ಯವನ್ನು ‘ಹಾರವನ್ನು ಕವಿಗೆ ರಾಜನು ಕೊಟ್ಟನು’ ಎಂದು ಬದಲಿಸಿದರೂ ಅರ್ಥವು ಕೆಡುವುದಿಲ್ಲ. ಕೊಟ್ಟವನು ಯಾರು, ಪಡೆದವನು ಯಾರು ಎಂಬುದನ್ನು ವಿಭಕ್ತಿ ಪ್ರತ್ಯಯಗಳೇ ತಿಳಿಸುತ್ತವೆ. ಅವುಗಳನ್ನು ತೆಗೆದುಹಾಕಿದರೆ ಪದಗಳ ಸ್ಥಾನವನ್ನೇ ನಂಬಬೇಕಾಗುತ್ತದೆ. ಕಂಪ್ಯೂಟರಿನ ಭಾಷೆಗಳಲ್ಲಿಯೂ ಇಂತಹುದೇ ಒಂದು ಸಮಸ್ಯೆಯುಂಟು.

ಗೈಡೊ ವಾನ್ ರೋಸಮ್ ಅವರು ರಚಿಸಿ 1991ರಲ್ಲಿ ಹೊರತಂದ ಪೈಥಾನ್ ಭಾಷೆಯೊಡನೆ ಸಿದ್ಧ ಫಂಕ್ಷನ್‌ಗಳ ಭಂಡಾರವೊಂದು ದೊರೆಯುತ್ತದೆ. ಇದನ್ನು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುವರು. ಫಂಕ್ಷನ್ ಎಂದರೆ ಒಂದು ನಿರ್ದಿಷ್ಟ ಕಾರ್ಯವನ್ನು ನೆರವೇರಿಸುವ ಆದೇಶಗಳ ಸಮೂಹ. ಅದಕ್ಕೆ ಒಪ್ಪಿಸುವ ವಿವರಗಳೇ ಆರ್ಗ್ಯುಮೆಂಟ್‌ಗಳು.

ಈ ಭಂಡಾರದ ‘ಸಬ್’ ಎಂಬ ಫಂಕ್ಷನ್, ಬರಹದೊಳಗೆ ಒಂದು ಪದವನ್ನು ಹುಡುಕಿ ಅದರ ಸ್ಥಳದಲ್ಲಿ ಮತ್ತೊಂದನ್ನು ಇಡುತ್ತದೆ. ಹುಡುಕಬೇಕಾದ ಪದ, ಅದರ ಬದಲಿಗೆ ಬರಬೇಕಾದ ಪದ, ಮೂಲ ಬರಹ ಇವು ಮೊದಲ ಮೂರು ವಿವರಗಳು. ನಾಲ್ಕನೆಯದು ಎಷ್ಟು ಬಾರಿ ಬದಲಿಸಬೇಕೆಂಬ ಎಣಿಕೆ. ಐದನೆಯದು ಹುಡುಕುವ ರೀತಿ. ‘ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಎಣಿಸಬೇಡ’ ಎಂಬ ಸೂಚನೆಯು ಐದನೆಯ ಸ್ಥಾನಕ್ಕೆ ಸೇರಿದುದು. ಯಾರಾದರೂ ಮರೆವಿನಿಂದ ಅದನ್ನು ನಾಲ್ಕನೆಯ ಸ್ಥಾನದಲ್ಲಿ ಬರೆದರೆ ಕಂಪ್ಯೂಟರ್ ಆಕ್ಷೇಪಿಸುತ್ತಿರಲಿಲ್ಲ. ಆ ಸೂಚನೆಯ ಸಂಖ್ಯಾರೂಪವು 2. ಆದುದರಿಂದ ‘ಎರಡು ಬಾರಿ ಮಾತ್ರ ಬದಲಿಸು’ ಎಂದು ಗ್ರಹಿಸಿ, ಅಕ್ಷರಭೇದವನ್ನೂ ಉಳಿಸಿಕೊಂಡು, ತಪ್ಪು ಫಲವನ್ನು ಸದ್ದಿಲ್ಲದೆ ಒಪ್ಪಿಸುತ್ತಿತ್ತು. ಕೆಲಸ ನಿಂತುಹೋದರೆ ತಪ್ಪು ತಿಳಿಯುತ್ತದೆ. ನಡೆದಂತೆ ತೋರಿದರೆ ತಿಳಿಯುವುದೆಂತು?

ವಿವರದೊಡನೆ ಅದರ ಹೆಸರನ್ನೂ ಬರೆಯುವುದೇ ಇದಕ್ಕೆ ಪರಿಹಾರ. ಹೀಗೆ ಹೆಸರಿಸಿದ ವಿವರವು ಕೀವರ್ಡ್ ಆರ್ಗ್ಯುಮೆಂಟ್. ಕೆಲವು ವಿವರಗಳನ್ನು ಹೆಸರಿನಿಂದಲೇ ಕೊಡಬೇಕೆಂದು ವಿಧಿಸುವ ಅನುಕೂಲವು 2008ರಲ್ಲಿ ಬಂದ ಪೈಥಾನ್ 3.0ರಲ್ಲಿ ದೊರೆಯಿತು. ಆದರೆ ಹಳೆಯ ಫಂಕ್ಷನ್‌ಗಳಿಗೆ ಈ ನಿಯಮವನ್ನು ಒಮ್ಮೆಗೇ ಹೇರಿದರೆ, ಸ್ಥಾನವನ್ನೇ ನಂಬಿ ಸರಿಯಾಗಿ ಬರೆದ ಅಸಂಖ್ಯ ಪ್ರೋಗ್ರಾಮ್‌ಗಳೂ ನಿಂತುಹೋಗುವುವು. ಆದಕಾರಣ 2024ರ ಅಕ್ಟೋಬರಿನಲ್ಲಿ ಹೊರಬಂದ 3.13ನೆಯ ಆವೃತ್ತಿಯು ‘ಸಬ್’ನ ಹಳೆಯ ರೂಢಿಯನ್ನು ಕೂಡಲೇ ನಿಷೇಧಿಸಲಿಲ್ಲ. ಎಣಿಕೆಯನ್ನೂ ರೀತಿಯನ್ನೂ ಹೆಸರಿಲ್ಲದೆ ಕೊಡುವುದು ಮುಂದೆ ಸಲ್ಲದೆಂಬ ಎಚ್ಚರಿಕೆಯನ್ನು ಮಾತ್ರ ನೀಡಿತು. ಮೊದಲ ಮೂರು ವಿವರಗಳ ಕ್ರಮವು ಎಲ್ಲರಿಗೂ ರೂಢಿಯಾದುದು. ಅವುಗಳಿಗೆ ಸ್ಥಾನವೇ ಸಾಕೆಂದು ಬಿಟ್ಟಿತು.

ಹೆಸರನ್ನು ಬರೆಯುವ ಶ್ರಮ ಅಲ್ಪವಾದುದು. ವರ್ಷಗಳ ತರುವಾಯ ಆ ಸಾಲನ್ನು ಓದುವವನಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ಹೊಸ ನಿಯಮವನ್ನು ತರುವಾಗ ಹಳೆಯದನ್ನು ನಂಬಿದವರಿಗೆ ಕಾಲಾವಕಾಶ ಕೊಡುವುದೂ ಅಷ್ಟೇ ಅಗತ್ಯ.